ಮಣ್ಣಿನ ಪರೀಕ್ಷೆಯ ಗುಂಡಿಗಳ ಮೇಲೆ ಪುರಾತತ್ವ ನಿಗಾ: "ಏನೂ ಇಲ್ಲ" ಎಂದು ಬರೆಯಬಹುದೇ?

ಪ್ರಶ್ನೆ: ಪದರಶೋಧಕ

ಹಳೆಯ ಪೇಟೆಯ ನಡುವೆ ಬಹುಮಹಡಿ ಕಟ್ಟಡಕ್ಕೆಂದು ತೆರವು ಮಾಡಿರುವ ಸುಮಾರು ಅರ್ಧ ಹೆಕ್ಟೇರ್ ನಿವೇಶನವೊಂದರಲ್ಲಿ, ಮಣ್ಣಿನ ಪರೀಕ್ಷೆಗಾಗಿ ತೋಡುತ್ತಿರುವ ಗುಂಡಿಗಳ ಮೇಲೆ ಪುರಾತತ್ವದ ದೃಷ್ಟಿಯಿಂದ ನಿಗಾ ಇಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಉತ್ಖನನದಲ್ಲಿ ನನಗೆ ಅನುಭವವಿದ್ದರೂ ಅದೆಲ್ಲ ಬಯಲಿನಲ್ಲಿ, ಚೌಕ ಹಾಕಿಕೊಂಡು, ಕರಣೆ ಹಿಡಿದು ಮಾಡಿದ ಕೆಲಸ. ಇಲ್ಲಿ ಗುಂಡಿ ತೋಡುವುದು ಜೆಸಿಬಿ. ಜಾಗ ಗುರುತಿಸಿದವರು ಎಂಜಿನಿಯರುಗಳು. ನನ್ನ ಪಾತ್ರವೆಂದರೆ ಅಂಚಿನಲ್ಲಿ ನಿಂತು ನೋಡುವುದು, ಅಗತ್ಯವೆನಿಸಿದರೆ ನಿಲ್ಲಿಸಲು ಹೇಳುವುದು, ಕೊನೆಗೆ ವರದಿ ಬರೆಯುವುದು.

ಒಟ್ಟು 12 ಗುಂಡಿಗಳು. ಪ್ರತಿಯೊಂದೂ 3 ಮೀಟರ್ ಉದ್ದ, ಬಕೆಟ್ಟಿನಷ್ಟೇ ಅಗಲ, ಅಂದರೆ 0.6 ಮೀಟರ್, ಮತ್ತು ಹೆಚ್ಚೂಕಡಿಮೆ 3 ಮೀಟರ್ ಆಳ. ಈವರೆಗೆ 10 ಗುಂಡಿಗಳು ಮುಗಿದಿವೆ. ಬಹುತೇಕ ಕಡೆ ಮೇಲೆ ಕಾಂಕ್ರೀಟು, ಅದರ ಕೆಳಗೆ ಇಟ್ಟಿಗೆ ಚೂರು, ಗಾರೆ, ಕಲ್ಲು ಎಲ್ಲ ಬೆರೆತ ಭರ್ತಿ ಮಣ್ಣು ಒಂದೂವರೆಯಿಂದ ಎರಡು ಮೀಟರಿನವರೆಗೆ, ಅದರಡಿ ಕಂದು ಬಣ್ಣದ ಜೇಡಿಮಿಶ್ರಿತ ಮಣ್ಣು, ಕೊನೆಗೆ ಮಾನವ ಸ್ಪರ್ಶವಿಲ್ಲದ ಹಳದಿ ಬಣ್ಣದ ಮೂಲ ನೆಲ. ಭರ್ತಿಯಲ್ಲೂ ಕಂದು ಮಣ್ಣಿನಲ್ಲೂ ಕೆಲವು ಮಡಕೆ ಚೂರುಗಳು ಸಿಕ್ಕಿವೆ. ಗೋಡೆಯಾಗಲಿ, ಬಾವಿಯಾಗಲಿ, ನೆಲಗಟ್ಟಾಗಲಿ ಕಂಡಿಲ್ಲ. ರಸ್ತೆಯ ಕಡೆಯ ಮೂರು ಗುಂಡಿಗಳಲ್ಲಿ ಹಿಂದಿದ್ದ ಕಟ್ಟಡದ ನೆಲಮಾಳಿಗೆಯ ಕಾಂಕ್ರೀಟು ಅಡ್ಡ ಬಂದು ತೋಡುವುದನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು. ತಗ್ಗಿನ ಕಡೆಯ ಎರಡು ಗುಂಡಿಗಳಲ್ಲಿ ಮೂಲ ನೆಲ ತಾಗಲೇ ಇಲ್ಲ. ತಳದಲ್ಲಿ ಕಪ್ಪಗಿನ, ಒದ್ದೆಯಾದ, ವಾಸನೆ ಬರುವ ಮಣ್ಣು ಕಾಣಿಸಿಕೊಂಡಿತು.

"ಪುರಾತನ ಅವಶೇಷಗಳು ಇಲ್ಲ" ಎಂದು ಒಂದು ಪುಟದ ಪತ್ರ ಕೊಟ್ಟರೆ ಸಾಕು ಎಂಬುದು ಕಟ್ಟಡ ನಿರ್ಮಿಸುವವರ ನಿರೀಕ್ಷೆ. ಹಾಗೆ ಬರೆಯಲು ನನಗೆ ಮನಸ್ಸಿಲ್ಲ. ಆದರೆ ಹಾಗೆ ಬರೆಯಬಾರದೆನ್ನಲು ಆಧಾರವೇನು, ಅದರ ಬದಲು ಏನು ಬರೆಯಬೇಕು ಎಂಬುದನ್ನು ಬಲ್ಲವರಿಂದ ತಿಳಿಯಬಯಸುತ್ತೇನೆ. ಇಳಿಯಲಾಗದಷ್ಟು ಆಳದ ಗುಂಡಿಯಲ್ಲಿ ಪದರಗಳನ್ನು ದಾಖಲಿಸುವುದು ಹೇಗೆ, ಭರ್ತಿ ಮಣ್ಣಿನ ಮಡಕೆ ಚೂರುಗಳಿಗೆ ಬೆಲೆಯಿದೆಯೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಸ್ತರಲೇಖ

ಮೊದಲು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಒಂದು ಗುಂಡಿಯ ಬಾಯಿ 1.8 ಚದರ ಮೀಟರ್. ಹನ್ನೆರಡೂ ಸೇರಿದರೆ 21.6. ನಿವೇಶನ 5,000 ಚದರ ಮೀಟರ್. ಎಂದರೆ ಎಲ್ಲ ಗುಂಡಿಗಳೂ ಪೂರ್ಣ ಆಳಕ್ಕೆ ಹೋಗಿದ್ದರೂ ನೀವು ನೋಡುತ್ತಿದ್ದುದು ನೆಲದ ಶೇಕಡಾ 0.43 ಭಾಗ ಮಾತ್ರ. ಪುರಾತತ್ವದ ಉದ್ದೇಶಕ್ಕೆಂದೇ ತೋಡುವ ಪ್ರಯೋಗ ಕಂದಕಗಳಿಗೆ ಇಂಗ್ಲೆಂಡಿನಂತಹ ಕಡೆ ಸಾಮಾನ್ಯವಾಗಿ ನಿವೇಶನದ ಶೇಕಡಾ 2ರಿಂದ 5ರಷ್ಟು ಭಾಗವನ್ನು ತೆರೆಯುತ್ತಾರೆ, ಮತ್ತು ಆ ಪ್ರಮಾಣವೂ ಸಾಲದೆಂಬ ವಾದ ವೃತ್ತಿಯವರಲ್ಲಿ ಇದ್ದೇ ಇದೆ. ಒಂದು ಮೀಟರ್ ಅಗಲದ ಬಾವಿ, ಒಂದು ಸಮಾಧಿ, ಒಂದು ಕುಲುಮೆ ಇವು ನಿಮ್ಮ ಗುಂಡಿಗಳ ನಡುವಿನ ಜಾಗದಲ್ಲಿ ಎಷ್ಟು ಬೇಕಾದರೂ ಅಡಗಿರಬಹುದು. ಆದ್ದರಿಂದ "ಅವಶೇಷಗಳು ಇಲ್ಲ" ಎಂಬ ವಾಕ್ಯಕ್ಕೆ ನಿಮ್ಮ ಬಳಿ ಆಧಾರವೇ ಇಲ್ಲ. ಈ ಕಾರಣವನ್ನು ಅಂಕಿಗಳ ಸಮೇತ ವರದಿಯಲ್ಲೇ ಬರೆದುಬಿಡಿ. ಲೆಕ್ಕ ಕಣ್ಣ ಮುಂದಿದ್ದಾಗ ಒಪ್ಪಿಸುವ ಮಾತು ಕಡಿಮೆ ಸಾಕಾಗುತ್ತದೆ.

ಹಾಗೆಂದ ಮಾತ್ರಕ್ಕೆ ಈ ನಿಗಾ ವ್ಯರ್ಥವಲ್ಲ. ಇಂತಹ ಗುಂಡಿಗಳಿಂದ ಬಾವಿ, ಗೋಡೆಗಳಂಥ ಬಿಡಿ ರಚನೆಗಳನ್ನು ನಿರೀಕ್ಷಿಸಬಾರದು. ನಿರೀಕ್ಷಿಸಬೇಕಾದದ್ದು ಪದರಗಳ ಹರಹು ಮತ್ತು ದಪ್ಪ. ಪದರ ಅಗಲವಾಗಿ ಹಬ್ಬಿರುತ್ತದೆ, ಆದ್ದರಿಂದ ಹನ್ನೆರಡು ಕಿಂಡಿಗಳಲ್ಲಿ ನೋಡಿದರೂ ಅದರ ರೂಪ ತಿಳಿಯುತ್ತದೆ. ಭರ್ತಿ ಎಲ್ಲಿ ಎಷ್ಟು ದಪ್ಪ, ಕಂದು ಮಣ್ಣು ಎಲ್ಲಿ ಉಳಿದಿದೆ, ಎಲ್ಲಿ ಕೆತ್ತಿಹೋಗಿದೆ, ಮೂಲ ನೆಲದ ಇಳಿಜಾರು ಯಾವ ಕಡೆಗೆ ಎಂಬ ಚಿತ್ರವೇ ನಿಮ್ಮ ವರದಿಯ ತಿರುಳಾಗಬೇಕು. ನೀವು ವರ್ಣಿಸಿದ್ದನ್ನು ನೋಡಿದರೆ ಆ ಚಿತ್ರ ಆಗಲೇ ಮೂಡಿದೆ: ಮೂಲ ನೆಲ ತಗ್ಗಿನ ಕಡೆಗೆ ಇಳಿಯುತ್ತಿದೆ, ಆ ತಗ್ಗಿನಲ್ಲಿ ಬೇರೆಯದೇ ಬಗೆಯ ಮಣ್ಣು ಕೂತಿದೆ.

ಎರಡನೆಯದಾಗಿ, ನೀವು ಮೂರು ಬೇರೆಬೇರೆ ಫಲಿತಾಂಶಗಳನ್ನು ಒಂದೇ ಮಾತಿನಲ್ಲಿ ಹೇಳಿಬಿಡುವ ಅಪಾಯವಿದೆ. ಐದು ಗುಂಡಿಗಳಲ್ಲಿ ಮೂಲ ನೆಲದವರೆಗೆ ನೋಡಿ, ರಚನೆಗಳು ಕಾಣಲಿಲ್ಲ ಎಂದು ಹೇಳಬಲ್ಲಿರಿ. ರಸ್ತೆಯ ಕಡೆಯ ಮೂರರಲ್ಲಿ ನೀವು ಏನನ್ನೂ ನೋಡಿಲ್ಲ, ಏಕೆಂದರೆ ಕಾಂಕ್ರೀಟು ಒಡೆದು ಒಳಗೆ ಹೋಗಿಲ್ಲ. ತಗ್ಗಿನ ಎರಡರಲ್ಲಿ ನೋಡುವುದು ಅರ್ಧಕ್ಕೇ ನಿಂತಿದೆ. ನೆಲಮಾಳಿಗೆ ಇದ್ದ ಕಡೆ ಎಲ್ಲವೂ ನಾಶವಾಗಿರುತ್ತದೆ ಎಂದು ಊಹಿಸಿಕೊಳ್ಳುವುದು ನಮ್ಮ ವೃತ್ತಿಯಲ್ಲಿ ಪದೇಪದೇ ಕಾಣುವ ಅವಸರ. ನೆಲಮಾಳಿಗೆಯ ತಳ ಎರಡು ಮೀಟರಿಗೆ ನಿಂತಿದ್ದು, ಅಲ್ಲಿ ಮೂಲ ನೆಲ ಎರಡೂವರೆಗೆ ಇದ್ದರೆ, ನಡುವೆ ಅರ್ಧ ಮೀಟರ್ ಪದರ ಹಾಗೆಯೇ ಉಳಿದಿರಬಹುದು. ಕಾಂಕ್ರೀಟು ಅದಕ್ಕೆ ಮುಚ್ಚಳವಾಗಿಯೂ ಇರಬಹುದು.

ಈ ಊಹೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ನ್ಯೂಯಾರ್ಕಿನ ಆಫ್ರಿಕನ್ ಸ್ಮಶಾನದ ಉದಾಹರಣೆಯಿದೆ. ಮ್ಯಾನ್‌ಹಟನ್ನಿನ ದಕ್ಷಿಣ ಭಾಗದಲ್ಲಿ ಸರಕಾರಿ ಕಚೇರಿಯ ಕಟ್ಟಡ ಏಳಬೇಕಿದ್ದ ಜಾಗ ಅದು. 18ನೇ ಶತಮಾನದ ನಕ್ಷೆಯಲ್ಲಿ ಸ್ಮಶಾನದ ಗುರುತು ಸ್ಪಷ್ಟವಾಗಿತ್ತು; ಆದರೆ 19ನೇ ಮತ್ತು 20ನೇ ಶತಮಾನದ ಕಟ್ಟಡಗಳ ನೆಲಮಾಳಿಗೆಗಳು ಬಹುಪಾಲು ಸಮಾಧಿಗಳನ್ನು ಅಳಿಸಿರಬೇಕು ಎಂಬ ಭಾವನೆಯಲ್ಲಿ ಯೋಜನೆ ಮುಂದುವರಿಯಿತು. 1991ರಲ್ಲಿ ತೋಡಿದಾಗ, ಹಿಂದೆ ತಗ್ಗಾಗಿದ್ದ ಆ ನೆಲಕ್ಕೆ ಹಾಕಿದ್ದ ಆಳವಾದ ಭರ್ತಿಯ ಅಡಿಯಲ್ಲಿ ಸಮಾಧಿಗಳು ಸುರಕ್ಷಿತವಾಗಿದ್ದುದು ಕಂಡಿತು. 400ಕ್ಕೂ ಹೆಚ್ಚು ಜನರ ಅವಶೇಷಗಳನ್ನು ಹೊರತೆಗೆದ ಮೇಲೆ, ಸಾರ್ವಜನಿಕರ ತೀವ್ರ ವಿರೋಧದಿಂದ ಉತ್ಖನನ ನಿಂತಿತು. 2006ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. ಅಲ್ಲಿ ಮೊದಲೇ ತಿಳಿದಿರಬೇಕಾಗಿದ್ದುದು ಒಂದೇ ಸಂಗತಿ: ಭರ್ತಿ ಎಷ್ಟು ದಪ್ಪ, ಹಳೆಯ ನೆಲ ಎಷ್ಟು ಆಳದಲ್ಲಿದೆ. ಆ ಬಗೆಯ ಪ್ರಶ್ನೆಗೆ ಉತ್ತರ ಕೊಡುವುದು ನಿಮ್ಮ ಗುಂಡಿಗಳಂಥ ಸಾಧಾರಣ ಗುಂಡಿಗಳೇ.

ಮಡಕೆ ಚೂರುಗಳ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ. ಭರ್ತಿಯಲ್ಲಿ ಸಿಕ್ಕ ಚೂರು ಆ ಜಾಗದ್ದೇ ಆಗಿರಬೇಕಿಲ್ಲ. ಭರ್ತಿಯ ಮಣ್ಣು ಊರಿನ ಇನ್ನೊಂದು ಕಡೆಯಿಂದ ಬಂದಿರಬಹುದು. ಪದರದ ಕಾಲವನ್ನು ಅದರಲ್ಲಿರುವ ಅತ್ಯಂತ ಹೊಸ ವಸ್ತು ನಿರ್ಧರಿಸುತ್ತದೆ. ನೂರು ಹಳೆಯ ಚೂರುಗಳ ನಡುವೆ ಒಂದು ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಪದರ ಪ್ಲಾಸ್ಟಿಕ್ಕಿನ ಕಾಲದ್ದೇ. ಕಂದು ಮಣ್ಣಿನ ಚೂರುಗಳ ಮಾತು ಬೇರೆ. ಅವನ್ನು ಗುಂಡಿ ಮತ್ತು ಆಳದ ಪ್ರಕಾರ ಬೇರೆಬೇರೆ ಚೀಲಗಳಲ್ಲಿ ಇಡಿ; ಅಂಚು ಮೊನಚಾಗಿವೆಯೇ ಸವೆದಿವೆಯೇ ಎಂಬುದನ್ನು ಬರೆದಿಡಿ. ಸವೆದ ಅಂಚು ಎಂದರೆ ಆ ಚೂರು ಉತ್ತ ನೆಲದಲ್ಲಿಯೋ ಹರಿವ ನೀರಿನಲ್ಲಿಯೋ ಬಹುಕಾಲ ಹೊರಳಾಡಿದೆ ಎಂದು ಅನುಮಾನಿಸಬಹುದು.

ಉತ್ತರ: ಬುನಾದಿ ಎಂಜಿನಿಯರ್

ಇನ್ನೊಂದು ಬದಿಯಿಂದ ಮಾತನಾಡುತ್ತೇನೆ. ಗುಂಡಿಗಳನ್ನು ಗುರುತು ಹಾಕುವವರಲ್ಲಿ ನಾನೂ ಒಬ್ಬ.

ನಾವು ಪರೀಕ್ಷಾ ಗುಂಡಿಯನ್ನು ಸಾಧ್ಯವಾದಷ್ಟು ಮಟ್ಟಿಗೆ ಕಂಬದ ಬುನಾದಿ ಬರುವ ಜಾಗದ ನೇರ ಮೇಲೆ ತೋಡುವುದಿಲ್ಲ. ತೋಡಿ ಮತ್ತೆ ತುಂಬಿದ ಮಣ್ಣು ಎಷ್ಟೇ ದಮ್ಮಸು ಮಾಡಿದರೂ ಸುತ್ತಲಿನ ನೆಲದಷ್ಟು ಗಟ್ಟಿಯಾಗುವುದಿಲ್ಲ, ಅದರ ಮೇಲೆ ಭಾರ ಕೂಡಿಸುವುದು ಬುದ್ಧಿವಂತಿಕೆಯಲ್ಲ. ಇದರ ಪರಿಣಾಮವನ್ನು ಪುರಾತತ್ವದವರು ಗಮನಿಸಬೇಕು: ಗುಂಡಿಗಳು ತೋರಿಸುವುದು ಬುನಾದಿಗಳ ಪಕ್ಕದ ನೆಲವನ್ನು, ಬುನಾದಿಯೇ ಕತ್ತರಿಸಲಿರುವ ನೆಲವನ್ನಲ್ಲ. ಬೋರ್‌ಹೋಲುಗಳು ಮಾತ್ರ ಭಾರದ ಜಾಗಕ್ಕೆ ಹತ್ತಿರ ಇರುತ್ತವೆ. ಅಲ್ಲಿ ಯಂತ್ರ ಇಳಿಸುವ ಮೊದಲು ಕೇಬಲ್, ಕೊಳವೆಗಳಿಗೆ ಪೆಟ್ಟಾಗದಿರಲೆಂದು 1.2 ಮೀಟರಿನವರೆಗೆ ಕೈಯಿಂದ ಗುಂಡಿ ತೆಗೆದು ನೋಡುವ ರೂಢಿಯಿದೆ. ನಿಗಾ ಇಡುವವರು ದೊಡ್ಡ ಗುಂಡಿಗಳ ಬಳಿ ನಿಂತಿರುತ್ತಾರೆ, ಈ ಕೈಗುಂಡಿಗಳನ್ನು ಯಾರೂ ನೋಡುವುದೇ ಇಲ್ಲ. ಬೋರ್‌ಹೋಲಿನಿಂದ ಬಂದ ಮಣ್ಣಿನ ಕೊಳವೆಗಳನ್ನು ಪ್ರಯೋಗಾಲಯದ ಪರೀಕ್ಷೆ ಮುಗಿದೊಡನೆ ಎಸೆಯುತ್ತಾರೆ. ಬೇಕೆಂದು ಮೊದಲೇ ಲಿಖಿತವಾಗಿ ಕೇಳಿದರೆ ಎತ್ತಿಡಬಹುದು.

ನಮ್ಮ ದಾಖಲೆಯ ಮಿತಿಯನ್ನೂ ಒಪ್ಪುತ್ತೇನೆ. ಭರ್ತಿ ಮಣ್ಣು ಭಾರ ಹೊರುವುದಿಲ್ಲ ಎಂಬುದಷ್ಟೇ ನಮಗೆ ಮುಖ್ಯವಾದ ಕಾರಣ, ಎರಡು ಮೀಟರ್ ದಪ್ಪದ ಮಾನವನಿರ್ಮಿತ ಪದರಗಳು ನಮ್ಮ ಹಾಳೆಯಲ್ಲಿ "ಭರ್ತಿ" ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತವೆ. ಅದರೊಳಗೆ ಗಾರೆಯ ನೆಲ ಇತ್ತೇ, ಬೂದಿಯ ಪದರ ಇತ್ತೇ ಎಂಬುದು ಅಲ್ಲಿ ಇರುವುದಿಲ್ಲ. ಅದೇ ವೇಳೆ ನಮ್ಮ ಹಾಳೆಯಲ್ಲಿ ನಿಮಗೆ ಉಪಯೋಗವಾಗುವ ವಿವರಗಳೂ ಇವೆ: ನೀರು ಯಾವ ಆಳದಲ್ಲಿ ಜಿನುಗತೊಡಗಿತು, ಎಷ್ಟು ಹೊತ್ತಿನಲ್ಲಿ ಎಷ್ಟು ಏರಿತು, ಗೋಡೆ ಎಲ್ಲಿ ಕುಸಿಯಿತು. ಎರಡು ತಂಡಗಳೂ ಒಂದೇ ಗುಂಡಿ ಸಂಖ್ಯೆ, ಒಂದೇ ಎತ್ತರದ ಆಧಾರಬಿಂದು ಬಳಸಿದರೆ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದಬಹುದು. "ನೆಲದಿಂದ 1.8 ಮೀಟರ್" ಎಂಬ ಬರಹ ಇಳಿಜಾರಿನ ನಿವೇಶನದಲ್ಲಿ ನಾಳೆ ನೆಲವನ್ನು ಸಮತಟ್ಟು ಮಾಡಿದೊಡನೆ ಅರ್ಥ ಕಳೆದುಕೊಳ್ಳುತ್ತದೆ. ಗುಂಡಿಯ ಅಂಚಿನ ಎತ್ತರವನ್ನು ಸಮುದ್ರಮಟ್ಟಕ್ಕೆ ಹೊಂದಿಸಿ ಅಳೆದುಕೊಳ್ಳಿ.

ಇಳಿಯುವ ವಿಷಯದಲ್ಲಿ ರಾಜಿ ಬೇಡ. ಆಸರೆಯಿಲ್ಲದ ಗುಂಡಿಗೆ ಇಳಿಯಲು 1.2 ಅಥವಾ 1.5 ಮೀಟರ್ ಎಂಬ ಮಿತಿಗಳು ಬೇರೆಬೇರೆ ದೇಶಗಳ ನಿಯಮಗಳಲ್ಲಿವೆ; ಭರ್ತಿ ಮಣ್ಣಿನಲ್ಲಿ ಅದಕ್ಕಿಂತ ಕಡಿಮೆ ಆಳವೂ ಸುರಕ್ಷಿತವಲ್ಲ. ಒಂದು ಘನ ಮೀಟರ್ ಮಣ್ಣು ಒಂದೂವರೆಯಿಂದ ಎರಡು ಟನ್ ತೂಗುತ್ತದೆ, ಕುಸಿಯಲು ಕ್ಷಣ ಸಾಕು. ಮೇಲಿನಿಂದಲೇ ಚೆನ್ನಾಗಿ ದಾಖಲಿಸಲು ಸಾಧ್ಯವಿದೆ. ಚಾಲಕರಿಗೆ ಹೇಳಿ ಒಂದು ಸಲಕ್ಕೆ 20ರಿಂದ 30 ಸೆಂಟಿಮೀಟರಿಗಿಂತ ಹೆಚ್ಚು ತೆಗೆಯದಂತೆ ನೋಡಿಕೊಳ್ಳಿ. ಪ್ರತಿ ಹಂತದ ಮಣ್ಣನ್ನು ಬೇರೆ ಗುಡ್ಡೆ ಮಾಡಿಸಿ. ಅಳತೆಯ ಕೋಲನ್ನು ಗೋಡೆಗೆ ಒರಗಿಸಿ, ಉದ್ದನೆಯ ಕಂಬಕ್ಕೆ ಕಟ್ಟಿದ ಕ್ಯಾಮೆರಾದಿಂದ ಒಂದರ ಮೇಲೊಂದು ಭಾಗಶಃ ಬರುವಂತೆ ಚಿತ್ರಗಳನ್ನು ತೆಗೆಯಿರಿ. ಆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಗುಂಡಿಯ ಗೋಡೆಯ ಅಳತೆಬದ್ಧ ಚಿತ್ರವನ್ನು ಪಡೆಯಬಹುದು. ಬಕೆಟ್ಟಿಗೆ ಹಲ್ಲುಗಳಿದ್ದರೆ ಗೋಡೆ ಗೀಚಿಹೋಗಿ ಪದರಗಳ ಗೆರೆ ಕಾಣುವುದಿಲ್ಲ. ಕಾಂಕ್ರೀಟು ಒಡೆಯುವವರೆಗೆ ಹಲ್ಲಿನ ಬಕೆಟ್ ಇರಲಿ, ಆಮೇಲೆ ಹಲ್ಲಿಲ್ಲದ ಚಪ್ಪಟೆ ಅಂಚಿನದನ್ನು ಹಾಕಿಸಿ. ಬಕೆಟ್ ಬದಲಿಸಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆದರೆ ಕೆಲಸ ಶುರುವಾದ ಮೇಲೆ ಕೇಳಿದರೆ ಆ ಬಕೆಟ್ ನಿವೇಶನದಲ್ಲೇ ಇರುವುದಿಲ್ಲ.

ಒಂದು ಮಾತಿಗೆ ಮಾತ್ರ ನನ್ನ ಭಿನ್ನಾಭಿಪ್ರಾಯ. ಸ್ತರಲೇಖ ಅವರು ಶೇಕಡಾವಾರು ಲೆಕ್ಕ ಕೊಟ್ಟಿದ್ದು ಸರಿ, ಆದರೆ ಅದನ್ನೇ ಮುಂದಿಟ್ಟು ಇನ್ನಷ್ಟು ಗುಂಡಿ ತೋಡಿ ಎಂದರೆ ಯಾರೂ ಕೇಳುವುದಿಲ್ಲ. ಯಾವ ಗುಂಡಿ, ಯಾವ ಜಾಗದಲ್ಲಿ, ಯಾವ ಪ್ರಶ್ನೆಗೆ ಉತ್ತರವಾಗಿ ಎಂದು ಹೇಳಿದರೆ ನಾವೇ ಅದನ್ನು ನಮ್ಮ ಪಟ್ಟಿಗೆ ಸೇರಿಸಿಕೊಳ್ಳುತ್ತೇವೆ. ತುಂಬಿಹೋದ ಹಳೆಯ ಬಾವಿ, ಹಳ್ಳ, ಮೆತ್ತನೆಯ ಕಪ್ಪು ಮಣ್ಣು ಇವೆಲ್ಲ ಬುನಾದಿಗೂ ಶತ್ರುಗಳೇ.

ಪದರಶೋಧಕ

ಇಬ್ಬರಿಗೂ ಕೃತಜ್ಞತೆಗಳು. ಬಾಕಿ ಉಳಿದ ಎರಡು ಗುಂಡಿಗಳೂ ತಗ್ಗಿನ ಕಡೆಯಲ್ಲೇ ಬರುತ್ತವೆ. ಕಪ್ಪು ಮಣ್ಣು ಅಲ್ಲಿಯೂ ಸಿಗುವ ಸಾಧ್ಯತೆಯೇ ಹೆಚ್ಚು. ಮುಗಿದ ಗುಂಡಿಗಳಲ್ಲಿ ಅದು ಬಕೆಟ್ಟಿನಲ್ಲಿ ಬಂದಾಗ ಬೂದು ಮಿಶ್ರಿತ ಹಸಿರಾಗಿ ಕಾಣುತ್ತಿತ್ತು, ಸ್ವಲ್ಪ ಹೊತ್ತಿನಲ್ಲೇ ಕಪ್ಪಗಾಗತೊಡಗಿತು. ಕೊಳೆತ ಮೊಟ್ಟೆಯ ವಾಸನೆಯಿತ್ತು, ಒಳಗೆ ಮರದ ಸಿಬಿರಿನಂಥ ತುಣುಕುಗಳಿದ್ದವು. ಇದನ್ನು ಹಳೆಯ ಕೊಚ್ಚೆಗುಂಡಿಯೆಂದು ಬಿಟ್ಟುಬಿಡಬಹುದೇ, ಮಾದರಿ ತೆಗೆಯಬೇಕೇ? ತೆಗೆಯುವುದಾದರೆ ಹೇಗೆ?

ಉತ್ತರ: ಬೀಜಪರಾಗ

ದಯವಿಟ್ಟು ಬಿಟ್ಟುಬಿಡಬೇಡಿ. ನಿಮ್ಮ ಇಡೀ ನಿವೇಶನದಲ್ಲಿ ಅತಿ ಹೆಚ್ಚು ಮಾಹಿತಿ ಇರಬಹುದಾದ ಪದರ ಅದೇ. ಕೊಚ್ಚೆಗುಂಡಿಯೇ ಆಗಿದ್ದರೂ ಈ ಮಾತು ಸುಳ್ಳಾಗುವುದಿಲ್ಲ. ಜನ ಏನು ತಿಂದರು, ಹೊಟ್ಟೆಯಲ್ಲಿ ಯಾವ ಜಂತುಗಳಿದ್ದವು ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ.

ನೀವು ಹೇಳಿದ ಲಕ್ಷಣಗಳೆಲ್ಲವೂ ಗಾಳಿಯಾಡದೆ ನೀರಿನಲ್ಲಿ ಮುಳುಗಿದ ಪದರದ ಲಕ್ಷಣಗಳು. ಆಮ್ಲಜನಕ ಇಲ್ಲದ ಕಡೆ ಕೊಳೆಸುವ ಶಿಲೀಂಧ್ರಗಳೂ ಬಹುತೇಕ ಬ್ಯಾಕ್ಟೀರಿಯಾಗಳೂ ಕೆಲಸ ಮಾಡಲಾರವು. ಆದ್ದರಿಂದ ಒಣ ನೆಲದಲ್ಲಿ ಕೆಲವೇ ವರ್ಷಗಳಲ್ಲಿ ಮಾಯವಾಗುವ ಮರ, ತೊಗಲು, ಬೀಜ, ಕೀಟದ ರೆಕ್ಕೆ, ಬಟ್ಟೆಯ ಎಳೆ ಇವು ಅಲ್ಲಿ ಶತಮಾನಗಟ್ಟಲೆ ಉಳಿಯುತ್ತವೆ. ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟ್ ಬೀದಿಯಲ್ಲಿ 1976ರಿಂದ 1981ರವರೆಗೆ ನಡೆದ ಉತ್ಖನನದಲ್ಲಿ ವೈಕಿಂಗ್ ಕಾಲದ ಮರದ ಮನೆಗಳ ಗೋಡೆಗಳು, ಪಾದರಕ್ಷೆಗಳು, ಬಟ್ಟೆಗಳು ಸಿಕ್ಕಿದ್ದು ಇದೇ ಕಾರಣದಿಂದ. ಬಣ್ಣ ಬದಲಾಗುವುದೂ ಗಾಳಿ ತಗುಲಿದ್ದರಿಂದಲೇ ಆದ ರಾಸಾಯನಿಕ ಕ್ರಿಯೆ. ಆದ ಕಾರಣ ಹೊಸದಾಗಿ ಕತ್ತರಿಸಿದ ಮೇಲ್ಮೈಯ ಬಣ್ಣವನ್ನು, ಮಣ್ಣಿನ ಬಣ್ಣ ಗುರುತಿಸಲು ಬಳಸುವ ಮನ್ಸೆಲ್ ಬಣ್ಣಪಟ್ಟಿಗೆ ಹೋಲಿಸಿ ತಕ್ಷಣವೇ ಬರೆದುಕೊಳ್ಳಬೇಕು, ಸ್ವಲ್ಪ ಹೊತ್ತಿನ ಬಳಿಕ ಮತ್ತೊಮ್ಮೆ ನೋಡಬೇಕು. ಬಿಳಿಯಾಗಿದ್ದ ಪುಡಿ ಗಾಳಿಯಲ್ಲಿ ಗಾಢ ನೀಲಿಗೆ ತಿರುಗಿದರೆ ಅದು ವಿವಿಯನೈಟ್ ಎಂಬ ಕಬ್ಬಿಣದ ಫಾಸ್ಫೇಟ್ ಆಗಿರಬಹುದು. ಮೂಳೆ, ಸಗಣಿ, ಮಲದಂಥ ಫಾಸ್ಫೇಟ್ ತುಂಬಿದ ವಸ್ತುಗಳಿದ್ದ ಒದ್ದೆ ನೆಲದಲ್ಲಿ ಅದು ಮೂಡುತ್ತದೆ.

ಮಾದರಿ ತೆಗೆಯುವಾಗ ಬಕೆಟ್ಟಿನ ನಡುಭಾಗದ ಮಣ್ಣನ್ನು ಆರಿಸಿ. ಅಂಚಿನದ್ದಕ್ಕೆ ಗುಂಡಿಯ ಗೋಡೆ ಸವರಿಕೊಂಡು ಮೇಲಿನ ಭರ್ತಿ ಸೇರಿರುತ್ತದೆ. ಯಾವ ಆಳದಿಂದ ಯಾವ ಆಳದವರೆಗಿನ ಬಕೆಟ್ ಎಂಬುದನ್ನು ಡಬ್ಬಿಯ ಹೊರಗೂ ಒಳಗೂ ಅಳಿಸದ ಶಾಯಿಯಲ್ಲಿ ಬರೆದಿಡಿ. ಹತ್ತು ಲೀಟರಿನ ಮುಚ್ಚಳದ ಡಬ್ಬಿಗಳು ಎರಡು ಇದ್ದರೆ ಈ ಹಂತಕ್ಕೆ ಸಾಕು. ಒಣಗಲು ಬಿಡಬೇಡಿ, ಬಿಸಿಲಿಗೆ ಇಡಬೇಡಿ. ಗಾಳಿ ಹೋಗದಂತೆ ಮುಚ್ಚಿ ತಂಪಾದ ಕತ್ತಲೆ ಜಾಗದಲ್ಲಿಡಿ. ಇಂತಹ ಮಣ್ಣನ್ನು ಒಣಗಿಸಿ ಆಮೇಲೆ ನೀರಿನಲ್ಲಿ ತೇಲಿಸಿದರೆ ಬೀಜಗಳು ಬಿರಿದು ಗುರುತು ಸಿಗದಂತಾಗುತ್ತವೆ; ಪ್ರಯೋಗಾಲಯದಲ್ಲಿ ಒದ್ದೆಯಾಗಿಯೇ ಸಣ್ಣ ಕಣ್ಣಿನ ಜರಡಿಗಳಲ್ಲಿ ತೊಳೆಯಬೇಕು. ಕಾಲನಿರ್ಣಯಕ್ಕೆ ಇಡೀ ಮಣ್ಣಿಗಿಂತ ಒಂದು ಬೀಜವನ್ನೋ ಸಣ್ಣ ರೆಂಬೆಯನ್ನೋ ಕಳಿಸುವುದು ಮೇಲು. ದೊಡ್ಡ ಮರದ ತಿರುಳಿನ ತುಂಡು ಮರ ಕಡಿದ ಕಾಲಕ್ಕಿಂತ ಬಹಳ ಹಿಂದಿನ ಕಾಲವನ್ನು ತೋರಿಸಬಲ್ಲದು.

ಎಚ್ಚರಿಕೆಯ ಮಾತೂ ಇದೆ. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಅದು ಗಾಳಿಗಿಂತ ಭಾರವಾದ ವಿಷಾನಿಲ, ಗುಂಡಿಯ ತಳದಲ್ಲಿ ಕೂರುತ್ತದೆ. ಹೆಚ್ಚು ಪ್ರಮಾಣದಲ್ಲಿದ್ದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯದಂತಾಗುತ್ತದೆ. ಆದ್ದರಿಂದ ವಾಸನೆ ನಿಂತಿತೆಂದು ಬಗ್ಗಿ ನೋಡಬಾರದು. ಪೆಟ್ರೋಲ್, ಡಾಂಬರಿನ ವಾಸನೆ ಬಂದರೆ ಅದು ಬೇರೆ ಕಥೆ, ಅಲ್ಲಿ ಮಾಲಿನ್ಯದ ತಜ್ಞರು ಒಪ್ಪಿಗೆ ಕೊಡುವವರೆಗೆ ಮಾದರಿಯನ್ನೂ ಮುಟ್ಟಬೇಡಿ.

ಇನ್ನು ವರದಿಗೆ ಬೇಕಾದ ಅಂಶ. ಈ ಪದರ ಉಳಿದಿರುವುದು ನೀರಿನ ಮಟ್ಟದ ಕೃಪೆಯಿಂದ. ನೆಲಮಾಳಿಗೆ ಕಟ್ಟಲು ಪಂಪು ಹಾಕಿ ನೀರು ಇಳಿಸಿದರೆ, ಕಪ್ಪು ಮಣ್ಣನ್ನು ಯಾರೂ ಮುಟ್ಟದಿದ್ದರೂ ಅದು ಗಾಳಿಗೆ ತೆರೆದುಕೊಂಡು ಕೊಳೆಯತೊಡಗುತ್ತದೆ, ಪಕ್ಕದ ನಿವೇಶನದ್ದೂ ಸೇರಿ. ಬುನಾದಿ ಎಂಜಿನಿಯರ್ ಅವರು ಹೇಳಿದ ನೀರಿನ ಮಟ್ಟದ ಅಂಕಿಗಳು ಇಲ್ಲಿ ಪುರಾತತ್ವದ ಅಂಕಿಗಳೇ ಆಗಿಬಿಡುತ್ತವೆ.

ಉತ್ತರ: ನಕಾಶೆ ಮೇಜು

ಇಂತಹ ವರದಿಗಳನ್ನು ಓದಿ ಅನುಮತಿಯ ಷರತ್ತುಗಳನ್ನು ಬರೆಯುವ ಕಡೆಯಲ್ಲಿ ಕೆಲಸ ಮಾಡಿದವನಾಗಿ ಎರಡು ಮಾತು ಸೇರಿಸುತ್ತೇನೆ. ಒಂದು ಪುಟದ "ಏನೂ ಇಲ್ಲ" ಪತ್ರ ಕಡತ ಸೇರಿದ ಮೇಲೆ ಅದನ್ನು ಬರೆದವರ ಸಂಶಯಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ನಮಗೆ ಬೇಕಾದದ್ದು ಒಂದೇ ಒಂದು ಅಡ್ಡಕೊಯ್ತದ ಚಿತ್ರ: ನಿವೇಶನದ ಈ ತುದಿಯಿಂದ ಆ ತುದಿಗೆ ಪದರಗಳ ಎತ್ತರ, ಅದರ ಮೇಲೆ ಬೇರೆ ಬಣ್ಣದಲ್ಲಿ ಹೊಸ ಕಟ್ಟಡ ಇಳಿಯುವ ಆಳ. ಬುನಾದಿಯೊಂದೇ ಸಾಲದು, ಲಿಫ್ಟಿನ ಗುಂಡಿ, ನೀರಿನ ತೊಟ್ಟಿ, ಒಳಚರಂಡಿಯ ಕಾಲುವೆ ಇವೂ ಸೇರಬೇಕು. ಹಾನಿ ಬಹುಪಾಲು ಅವುಗಳಿಂದಲೇ ಆಗುತ್ತದೆ, ಮೊದಲ ನಕ್ಷೆಯಲ್ಲಿ ಅವು ಇರುವುದೂ ಇಲ್ಲ.

ಲಂಡನ್ನಿನಲ್ಲಿ 1989ರಲ್ಲಿ ಶೇಕ್ಸ್‌ಪಿಯರ್ ಕಾಲದ ರೋಸ್ ನಾಟಕಶಾಲೆಯ ತಳಪಾಯ ಕಚೇರಿ ಕಟ್ಟಡದ ನಿವೇಶನದಲ್ಲಿ ಬಯಲಾದಾಗ ಅನುಮತಿಗಳೆಲ್ಲ ಆಗಲೇ ಮುಗಿದಿದ್ದವು. ಪ್ರತಿಭಟನೆ ನಡೆಯಿತು, ವಿನ್ಯಾಸ ಬದಲಾಯಿತು, ಅವಶೇಷಗಳನ್ನು ಮರಳಿನಡಿ ಮುಚ್ಚಿ ಮೇಲೆ ನೀರು ನಿಲ್ಲಿಸಿ ಒದ್ದೆಯಾಗಿ ಕಾಪಾಡಬೇಕಾಯಿತು. ಮರುವರ್ಷ, 1990ರಲ್ಲಿ, ಅನುಮತಿಗೆ ಮೊದಲೇ ಪುರಾತತ್ವದ ಮೌಲ್ಯಮಾಪನ ನಡೆಯಬೇಕೆಂಬ ಸರಕಾರಿ ಮಾರ್ಗಸೂಚಿ ಇಂಗ್ಲೆಂಡಿನಲ್ಲಿ ಬಂತು. ಪುರಾತತ್ವ ಪರಂಪರೆಯ ರಕ್ಷಣೆಗಾಗಿ ಆದ 1992ರ ವಲೆಟ್ಟಾ ಒಪ್ಪಂದ ಇದೇ ಬಗೆಯ ಹೊಣೆಯನ್ನು ಯುರೋಪಿನ ಮಟ್ಟಕ್ಕೆ ಒಯ್ದಿತು. ಯಾರ್ಕಿನಲ್ಲಿ 1990ರ ದಶಕದಿಂದ, ಕಟ್ಟಡ ಬಂದರೂ ಪುರಾತತ್ವದ ಪದರಗಳ ಶೇಕಡಾ 95 ಭಾಗ ಉಳಿಯುವಂತೆ ಬುನಾದಿ ರೂಪಿಸಬೇಕೆಂಬ ನೀತಿಯಿದೆ. ಆ ಅಂಕಿಯ ಬಗ್ಗೆ ತಕರಾರುಗಳಿವೆ, ಏಕೆಂದರೆ ಪೈಲುಗಳ, ಅಂದರೆ ನೆಲದಾಳಕ್ಕೆ ಇಳಿಸುವ ಬುನಾದಿ ಕಂಬಗಳ, ನಡುವೆ ಉಳಿದ ಮಣ್ಣನ್ನು ಆಮೇಲೆ ಯಾರೂ ಅರ್ಥವತ್ತಾಗಿ ಅಗೆಯಲಾರರು. ಆದರೂ ಪೈಲುಗಳ ಸಾಲನ್ನು ಒಂದೆರಡು ಮೀಟರ್ ಸರಿಸುವುದು ಕಾಗದದ ಮೇಲೆ ಸುಲಭ, ಕಾಂಕ್ರೀಟು ಬಿದ್ದ ಮೇಲೆ ಅಸಾಧ್ಯ.

ಇಸ್ತಾಂಬುಲಿನ ಯೆನಿಕಾಪಿ ರೈಲು ನಿಲ್ದಾಣದ ಉದಾಹರಣೆಯನ್ನು, ಅಂದರೆ ಹಳೆಯ ಬಂದರಿನ ಕೆಸರಿನಲ್ಲಿ 37 ಹಡಗುಗಳು ಸಿಕ್ಕು ಯೋಜನೆ ವರ್ಷಗಟ್ಟಲೆ ತಡವಾದದ್ದನ್ನು, ನಿರ್ಮಾಣದವರನ್ನು ಹೆದರಿಸಲು ಬಳಸುವವರಿದ್ದಾರೆ. ನಿಮ್ಮ ವರದಿಯಲ್ಲಿ ಅದು ಬೇಡ. ಅರ್ಧ ಹೆಕ್ಟೇರಿನ ನಿವೇಶನಕ್ಕೆ ಅದರದೇ ಗುಂಡಿಗಳ ಅಂಕಿ ಸಾಕು.

ಪದರಶೋಧಕ

ಎಲ್ಲರ ಸಲಹೆಗಳನ್ನು ಇಟ್ಟುಕೊಂಡು ವರದಿಯ ತೀರ್ಮಾನದ ಭಾಗವನ್ನು ಹೀಗೆ ಬರೆದಿದ್ದೇನೆ. ಬಾಕಿ ಎರಡು ಗುಂಡಿಗಳ ವಿವರ ಸೇರಿದ ಮೇಲೆ ಅಂಕಿಗಳು ಬದಲಾಗುತ್ತವೆ. ಮಾತಿನ ಧಾಟಿ ಸರಿಯಿದೆಯೇ ನೋಡಿ.

"ಪರಿಶೀಲಿಸಿದ 10 ಗುಂಡಿಗಳ ಪೈಕಿ 5ರಲ್ಲಿ ಮೂಲ ನೆಲದವರೆಗಿನ ಪದರಗಳನ್ನು ದಾಖಲಿಸಲಾಯಿತು, ಅವುಗಳಲ್ಲಿ ಕಟ್ಟಡದ ಅವಶೇಷ ಅಥವಾ ತೋಡಿದ ರಚನೆಗಳು ಕಂಡುಬರಲಿಲ್ಲ, ಆದರೆ ಭರ್ತಿಯ ಕೆಳಗೆ ಮಡಕೆ ಚೂರುಗಳುಳ್ಳ ಕಂದು ಮಣ್ಣಿನ ಪದರ ಉಳಿದಿದೆ. 3 ಗುಂಡಿಗಳಲ್ಲಿ ಕಾಂಕ್ರೀಟು ಅಡ್ಡವಾದ್ದರಿಂದ ಅದರ ಕೆಳಗಿನ ನೆಲದ ಬಗ್ಗೆ ಯಾವ ಅಭಿಪ್ರಾಯವನ್ನೂ ನೀಡಲಾಗದು. 2 ಗುಂಡಿಗಳಲ್ಲಿ ನೀರಿನಲ್ಲಿ ಮುಳುಗಿದ ಸಾವಯವ ಪದರ ಕಂಡುಬಂದಿದ್ದು, ಅದರ ತಳ ತಲುಪಿಲ್ಲ. ಎಲ್ಲ ಗುಂಡಿಗಳ ಒಟ್ಟು ವಿಸ್ತೀರ್ಣ ನಿವೇಶನದ ಶೇಕಡಾ ಅರ್ಧಕ್ಕಿಂತ ಕಡಿಮೆಯಿರುವುದರಿಂದ, ಗುಂಡಿಗಳ ನಡುವಿನ ಜಾಗದಲ್ಲಿ ರಚನೆಗಳಿಲ್ಲವೆಂದು ಈ ಫಲಿತಾಂಶಗಳಿಂದ ತೀರ್ಮಾನಿಸಲಾಗದು. ಹೊಸ ಬುನಾದಿಯ ಆಳವನ್ನು ಅಂತಿಮಗೊಳಿಸುವ ಮೊದಲು ತಗ್ಗಿನ ಭಾಗದಲ್ಲಿ ಪುರಾತತ್ವದ ಉದ್ದೇಶಕ್ಕೆಂದೇ ಒಂದು ಆಸರೆಯುಳ್ಳ ಕಂದಕ ತೆರೆಯುವುದನ್ನೂ, ಹಳೆಯ ನೆಲಮಾಳಿಗೆಯ ಕಾಂಕ್ರೀಟು ತೆಗೆಯುವಾಗ ನಿಗಾ ಇಡುವುದನ್ನೂ ಶಿಫಾರಸು ಮಾಡಲಾಗಿದೆ."

ಉತ್ತರ: ಸ್ತರಲೇಖ

ಧಾಟಿ ಸರಿಯಾಗಿದೆ. ತಿದ್ದಬೇಕಾದದ್ದು ಮೂರು ಕಡೆ. ಪ್ರತಿ ಪದರದ ಮೇಲ್ಮೈ ಮತ್ತು ತಳದ ಎತ್ತರವನ್ನು ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿಗಳಲ್ಲಿ ಈ ಭಾಗದಲ್ಲೇ ಕೊಡಿ. ಓದುವವರು ಹಿಂದಿನ ಪುಟಗಳಿಗೆ ಹೋಗುತ್ತಾರೆಂದು ನಂಬಬೇಡಿ. "ನಿಗಾ ಇಡುವುದು" ಎಂದಷ್ಟೇ ಬರೆದರೆ ಯಂತ್ರದ ಪಕ್ಕ ಒಬ್ಬರು ನಿಂತಿದ್ದರೆ ಷರತ್ತು ಪೂರೈಸಿದಂತಾಗುತ್ತದೆ. ಏನಾದರೂ ಕಂಡರೆ ಕೆಲಸ ನಿಲ್ಲಿಸುವ ಅಧಿಕಾರ, ದಾಖಲಿಸಲು ಕಾಲಾವಕಾಶ, ಮಾನವ ಅವಶೇಷ ಸಿಕ್ಕರೆ ಸ್ಥಳೀಯ ಕಾನೂನಿನ ಪ್ರಕಾರ ಯಾರಿಗೆ ತಿಳಿಸಬೇಕು ಎಂಬುದು ಅದೇ ವಾಕ್ಯದ ಜೊತೆ ಇರಲಿ. ಕೊನೆಯದಾಗಿ, 1973ರಲ್ಲಿ ಎಡ್ವರ್ಡ್ ಹ್ಯಾರಿಸ್ ರೂಪಿಸಿದ ಬಗೆಯ ಪದರಗಳ ಅನುಕ್ರಮ ಚಿತ್ರವನ್ನು ಪ್ರತಿ ಗುಂಡಿಗೂ ಬಿಡಿಸಿ ಅನುಬಂಧದಲ್ಲಿ ಸೇರಿಸಿ, ಆದರೆ ಬೇರೆಬೇರೆ ಗುಂಡಿಗಳ ಪದರಗಳನ್ನು "ಇದೂ ಅದೂ ಒಂದೇ" ಎಂದು ಕೂಡಿಸುವಾಗ ಅದು ಬರೀ ಬಣ್ಣದ ಹೋಲಿಕೆಯೇ, ಎತ್ತರವೂ ಒಳಗಿನ ವಸ್ತುಗಳೂ ಹೊಂದುತ್ತವೆಯೇ ಎಂಬುದನ್ನು ಪ್ರತಿಯೊಂದಕ್ಕೂ ಬೇರೆಯಾಗಿ ನಮೂದಿಸಿ. ಬಾಕಿ ಗುಂಡಿಗಳಿಗೆ ಹಲ್ಲಿಲ್ಲದ ಬಕೆಟ್ಟನ್ನೂ ಮುಚ್ಚಳದ ಡಬ್ಬಿಗಳನ್ನೂ ಇವತ್ತೇ ಲಿಖಿತವಾಗಿ ಕೇಳಿಡಿ.